ಆಯತದೊಳಗಿನ ವೃತ್ತ

ಗಡಿಯಾರದ ಮುಳ್ಳು ದುಂಡಗೆ ತಿರುಗುತ್ತದೆ, ಆದ್ದರಿಂದ ಗಡಿಯಾರದ ಮುಖವೂ ದುಂಡಗಿರಬೇಕು. ಇದರಲ್ಲಿ ಕೇಳುವಂಥದ್ದೇನೂ ಇಲ್ಲವೆಂದೇ ಬಹಳ ಜನ ಭಾವಿಸುತ್ತಾರೆ. ಹೀಗಾಗಿ ಆಯತದ, ಪೀಪಾಯಿಯ, ಆಮೆಚಿಪ್ಪಿನ ಆಕಾರದ ಕೈಗಡಿಯಾರ ಕಣ್ಣಿಗೆ ಬಿದ್ದರೆ ಕೆಲವರು ಅದನ್ನು ಶ್ರೀಮಂತರ ಶೋಕಿ ಎಂದು ಬದಿಗೆ ಸರಿಸುತ್ತಾರೆ. ಇನ್ನು ಕೆಲವರು ಚಿನ್ನದ ತೂಕವನ್ನೂ ಕಂಪನಿಯ ಹೆಸರನ್ನೂ ನೋಡಿ ಬೆರಗಾಗುತ್ತಾರೆ. ಈ ಇಬ್ಬರಲ್ಲಿ ಯಾರೂ ವಾಚನ್ನು ನಿಜವಾಗಿ ನೋಡಿಲ್ಲ. ದುಂಡಗಲ್ಲದ ಒಳ್ಳೆಯ ಡ್ರೆಸ್ ವಾಚಿನ, ಅಂದರೆ ಸಮಾರಂಭದ ಉಡುಪಿಗೆ ಒಪ್ಪುವ ತೆಳ್ಳನೆಯ ಸರಳ ಕೈಗಡಿಯಾರದ, ಚೆಲುವು ಅದರ ಹೊರಗೆರೆಯಲ್ಲಿ ಇರುವುದು ಕಡಿಮೆ. ದುಂಡಗೆ ತಿರುಗುವ ಮುಳ್ಳಿಗೂ ನೇರ ಗೆರೆಗಳ ಮನೆಗೂ ಇರುವ ವಿರೋಧವನ್ನು ವಿನ್ಯಾಸಗಾರ ಹೇಗೆ ಬಗೆಹರಿಸಿದ್ದಾನೆ ಎಂಬಲ್ಲಿ ಆ ಚೆಲುವಿದೆ. ಅಲ್ಲಿನ ಒಂದೊಂದು ಸಣ್ಣ ವಿವರವೂ ಒಂದು ಕಷ್ಟಕ್ಕೆ ಕೊಟ್ಟ ಉತ್ತರ. ಈ ಮಾತನ್ನು ಪರೀಕ್ಷಿಸಲು ಪ್ಯಾರಿಸ್ಸಿನ ಕಾರ್ಟಿಯೇ ಮನೆತನದ ‘ಟ್ಯಾಂಕ್’ ವಾಚಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಲೂಯಿ ಕಾರ್ಟಿಯೇ ಅದನ್ನು ವಿನ್ಯಾಸಗೊಳಿಸಿದ್ದು 1917ರಲ್ಲಿ, ಮಾರಾಟಕ್ಕೆ ಬಂದದ್ದು 1919ರಲ್ಲಿ. ನೂರು ವರ್ಷ ದಾಟಿದ ಮೇಲೂ ಅದರ ಮುಖ್ಯ ಗೆರೆಗಳು ಬದಲಾಗಿಲ್ಲ.

ದುಂಡನೆಯ ಆಕಾರವೇ ಸಹಜ ಎಂಬ ನಂಬಿಕೆಯನ್ನು ಮೊದಲು ನೋಡೋಣ. ಗಡಿಯಾರ ಜೇಬಿನಲ್ಲಿದ್ದ ಕಾಲದಲ್ಲಿ ಅದು ನಿಜವೇ ಆಗಿತ್ತು. ಜೇಬಿಗೆ ಜಾರಿಸುವ, ಜೇಬಿನಿಂದ ಎಳೆಯುವ ವಸ್ತುವಿಗೆ ಮೂಲೆಗಳಿದ್ದರೆ ಬಟ್ಟೆ ಹರಿಯುತ್ತದೆ. ಲೇತಿನಲ್ಲಿ ತಿರುಗಿಸಿ ಮಾಡುವ ಲೋಹದ ಕವಚಕ್ಕೂ ದುಂಡನೆಯ ಆಕಾರವೇ ಸುಲಭ. ಆದರೆ ಗಡಿಯಾರ ಮಣಿಕಟ್ಟಿಗೆ ಬಂದ ಕೂಡಲೇ ಸನ್ನಿವೇಶ ಬದಲಾಯಿತು. ಅಲ್ಲಿ ಅದನ್ನು ಹಿಡಿದಿಡಲು ಒಂದು ಪಟ್ಟಿ ಬೇಕು, ಪಟ್ಟಿಗೆ ಎರಡು ಸಮಾಂತರ ಅಂಚುಗಳಿವೆ. ಮೊದಲನೆಯ ಮಹಾಯುದ್ಧದ ಕಾಲದ ಅನೇಕ ಕೈಗಡಿಯಾರಗಳನ್ನು ನೋಡಿದರೆ ಈ ಕಷ್ಟ ಎದ್ದು ಕಾಣುತ್ತದೆ. ಚಿಕ್ಕ ಜೇಬುಗಡಿಯಾರಕ್ಕೆ ಮೇಲೆ ಕೆಳಗೆ ತಂತಿಯ ಕೊಂಡಿಗಳನ್ನು ಬೆಸೆದು, ಅವುಗಳೊಳಗೆ ತೊಗಲಿನ ಪಟ್ಟಿ ತೂರಿಸಿದ್ದಾರೆ. ವೃತ್ತ ಒಂದು ಕಡೆ, ಪಟ್ಟಿ ಒಂದು ಕಡೆ. ನಡುವೆ ತಂತಿಯ ರಾಜಿ. ಕೈಯ ಮೇಲೆ ಸಹಜವಾಗಿ ಕೂರುವ ಆಕಾರ ಯಾವುದು ಎಂದು ಯೋಚಿಸಿದರೆ ಪಟ್ಟಿಯ ಅಂಚುಗಳನ್ನು ಮುಂದುವರಿಸುವ ಆಯತವೇ ಉತ್ತರವಾಗಿ ಬರುತ್ತದೆ. ಕೈಗಡಿಯಾರದ ಇತಿಹಾಸದ ಆರಂಭದಲ್ಲೇ ಚೌಕ ಕಾಣಿಸಿಕೊಂಡದ್ದು ಆಕಸ್ಮಿಕವಲ್ಲ. ಬ್ರೆಜಿಲ್ ಮೂಲದ ವಿಮಾನಿ ಆಲ್ಬರ್ಟೊ ಸಾಂಟೋಸ್-ಡುಮಾಂಟ್‌ಗೆ ಹಾರುವಾಗ ಜೇಬಿಗೆ ಕೈ ಹಾಕಲಾಗದು ಎಂಬ ತೊಂದರೆಯಿತ್ತು. ಅವನಿಗಾಗಿ 1904ರಲ್ಲಿ ಇದೇ ಲೂಯಿ ಕಾರ್ಟಿಯೇ ರೂಪಿಸಿದ ಕೈಗಡಿಯಾರ ಚೌಕವಾಗಿಯೇ ಇತ್ತು. 1906ರಲ್ಲಿ ಪೀಪಾಯಿ ಆಕಾರದ ‘ಟೊನೋ’, 1912ರಲ್ಲಿ ಆಮೆಯಾಕಾರದ ‘ಟಾರ್ಟ್ಯೂ’ ಬಂದವು. ಟ್ಯಾಂಕ್ ಆ ಸಾಲಿನಲ್ಲಿ ಬಂದದ್ದು.

ಟ್ಯಾಂಕಿನ ದೊಡ್ಡ ಆಲೋಚನೆ ಇರುವುದು ಅದರ ಎರಡು ಪಕ್ಕದ ಕಂಬಿಗಳಲ್ಲಿ. ಡಯಲಿನ ಎಡಬಲಕ್ಕೆ ಎರಡು ಉದ್ದ ಕಂಬಿಗಳು ಮೇಲಿಂದ ಕೆಳಗೆ ಓಡುತ್ತವೆ. ಡಯಲ್ ಮುಗಿದರೂ ಅವು ನಿಲ್ಲುವುದಿಲ್ಲ. ಸ್ವಲ್ಪ ಮುಂದೆ ಚಾಚಿ ಪಟ್ಟಿಯನ್ನು ತಾವೇ ಹಿಡಿದುಕೊಳ್ಳುತ್ತವೆ. ಅಂದರೆ ಕವಚದ ಗೋಡೆ ಬೇರೆ, ಪಟ್ಟಿ ಹಿಡಿಯುವ ಕೊಂಡಿ ಬೇರೆ ಎಂಬ ಭೇದವೇ ಇಲ್ಲ. ಸೀರೆಯ ಅಂಚು ಎಲ್ಲೂ ಕಡಿಯದೆ ಸೆರಗಿನವರೆಗೂ ಓಡಿದಂತೆ ಲೋಹದ ಗೆರೆ ತೊಗಲಿನ ಗೆರೆಯೊಳಗೆ ಸೇರುತ್ತದೆ. ಫ್ರಾನ್ಸಿನ ರೆನೋ ಯುದ್ಧಟ್ಯಾಂಕನ್ನು ಮೇಲಿನಿಂದ ನೋಡಿದಾಗ ಕಾಣುವ ಎರಡು ಪಕ್ಕದ ಚೈನುಗಳು ಮತ್ತು ನಡುವಿನ ಕೋಣೆಯಿಂದ ಈ ರೂಪ ಹೊಳೆಯಿತು ಎಂದು ಕಂಪನಿ ಹೇಳಿಕೊಂಡು ಬಂದಿದೆ. ಮೊದಲ ಮಾದರಿಯೊಂದನ್ನು ಅಮೆರಿಕದ ಸೇನಾನಿ ಜಾನ್ ಪರ್ಶಿಂಗ್‌ಗೆ ಕೊಡಲಾಯಿತು ಎಂಬುದೂ ಆ ಕಥೆಯ ಭಾಗ. ಇವೆಲ್ಲ ಮಾರಾಟಕ್ಕೆ ಕಟ್ಟಿದ ಮಾತು ಎಂದು ಅನುಮಾನಪಡುವವರ ಜೊತೆ ಜಗಳವಾಡುವ ಅಗತ್ಯ ನನಗೆ ಕಾಣುವುದಿಲ್ಲ. ಕಥೆಯನ್ನು ಪೂರ್ತಿ ಕೈಬಿಟ್ಟರೂ ಕಂಬಿಗಳು ಮಾಡುವ ಕೆಲಸ ಹಾಗೆಯೇ ಉಳಿಯುತ್ತದೆ. ಪಟ್ಟಿಗೂ ಗಡಿಯಾರಕ್ಕೂ ನಡುವಿದ್ದ ತಂತಿಯ ರಾಜಿಯನ್ನು ಅವು ಇಲ್ಲವಾಗಿಸಿದವು. ಸ್ಫೂರ್ತಿ ಎಲ್ಲಿಂದ ಬಂದಿತು ಎಂಬುದು ಚರಿತ್ರಕಾರರಿಗೆ ಬೇಕಾದ ಪ್ರಶ್ನೆ. ಕೈಯ ಮೇಲೆ ಅದು ಹೇಗೆ ಕೂರುತ್ತದೆ ಎಂಬುದು ನೋಡುವವರ ಪ್ರಶ್ನೆ.

ಹೊರಗಿನ ಸಮಸ್ಯೆ ಹೀಗೆ ತೀರಿದರೂ ಒಳಗಿನದು ಬಾಕಿ ಇರುತ್ತದೆ, ಮತ್ತು ಅದೇ ಹೆಚ್ಚು ಸ್ವಾರಸ್ಯದ್ದು. ಅಗಲ ಮೂರು ಪಾಲು, ಎತ್ತರ ನಾಲ್ಕು ಪಾಲು ಇರುವ ಒಂದು ಡಯಲನ್ನು ಊಹಿಸಿಕೊಳ್ಳಿ. ನಿಮಿಷದ ಮುಳ್ಳು ಮೂರು ಗಂಟೆಯ ಕಡೆ ತಿರುಗಿದಾಗ ಅಂಚಿಗೆ ತಾಗುವಷ್ಟು ಉದ್ದವಿರಲಿ. ಅದೇ ಮುಳ್ಳು ಹನ್ನೆರಡರ ಕಡೆ ತಿರುಗಿದಾಗ ಅಂಚಿಗಿರುವ ದೂರದಲ್ಲಿ ಕಾಲುಭಾಗ ಕಡಿಮೆ ಬೀಳುತ್ತದೆ. ಮೂಲೆಯ ಕಡೆ ತಿರುಗಿದಾಗ ಐದರಲ್ಲಿ ಎರಡು ಪಾಲು ಕಡಿಮೆ. ದುಂಡನೆಯ ಡಯಲಿನಲ್ಲಿ ಹುಟ್ಟುವುದೇ ಇಲ್ಲದ ತೊಂದರೆ ಇದು. ನಿಮಿಷದ ಗುರುತುಗಳನ್ನು ಹೊರ ಅಂಚಿನಲ್ಲಿ ಬರೆದರೆ ಮುಳ್ಳಿನ ತುದಿ ಗಂಟೆಗೆ ನಾಲ್ಕು ಸಲ ಗುರುತಿನಿಂದ ದೂರ ತೇಲುತ್ತದೆ. ಓದುವವರು ಕಣ್ಣಂದಾಜಿನಲ್ಲಿ ಗೆರೆ ಎಳೆದುಕೊಳ್ಳಬೇಕು. ಅಗ್ಗದ ಚೌಕವಾಚುಗಳಲ್ಲಿ ಏನೋ ಸರಿಯಿಲ್ಲ ಅನ್ನಿಸುವುದಕ್ಕೆ ಬಹುಪಾಲು ಇದೇ ಕಾರಣ. ದುಂಡನೆಯ ಡಯಲನ್ನು ತಂದು ಚೌಕದ ಕವಚಕ್ಕೆ ತುರುಕಿರುತ್ತಾರೆ.

ಟ್ಯಾಂಕಿನಲ್ಲಿ ನಿಮಿಷದ ಗುರುತುಗಳು ಹೊರಗಿಲ್ಲ. ಅವು ರೈಲುಹಳಿಯಂತೆ ಕಾಣುವ ಎರಡು ಸಮಾಂತರ ಗೆರೆಗಳ ಚಿಕ್ಕ ಆಯತವಾಗಿ, ಅಂಕಿಗಳ ಒಳಬದಿಯಲ್ಲಿ, ಕೇಂದ್ರಕ್ಕೆ ಹತ್ತಿರ ಬಂದಿವೆ. ವಾಚಿನವರು ಇದನ್ನು ಹಳಿ ಎಂದೇ ಕರೆಯುತ್ತಾರೆ. ಇದರಿಂದ ಒಂದು ಸ್ವಾತಂತ್ರ್ಯ ಸಿಕ್ಕಿತು. ಮುಳ್ಳಿನ ಉದ್ದಕ್ಕೆ ಈಗ ಹಳಿ ಗಡಿಯಲ್ಲ. ಪಕ್ಕಕ್ಕೆ ತಿರುಗಿದಾಗ ತುದಿ ಹಳಿಯನ್ನು ದಾಟಿ ಅಂಕಿಗಳ ಮೇಲೆ ಸ್ವಲ್ಪ ಹೋದರೂ ಓದಲು ಅಡ್ಡಿಯಿಲ್ಲ. ಮೇಲಕ್ಕೆ ತಿರುಗಿದಾಗ ಹಳಿಯ ಹತ್ತಿರ ಬಂದು ನಿಲ್ಲುತ್ತದೆ. ಹಳಿಯ ಮೇಲಿನ ಗುರುತುಗಳಲ್ಲೂ ಒಂದು ಲೆಕ್ಕವಿದೆ. ಮುಳ್ಳು ನಿಮಿಷಕ್ಕೆ ಆರು ಡಿಗ್ರಿ ತಿರುಗುವುದು ಎಲ್ಲ ಕಡೆ ಒಂದೇ, ಆದರೆ ನೇರ ಗೆರೆಯ ಮೇಲೆ ಆ ಆರು ಡಿಗ್ರಿ ಎಲ್ಲ ಕಡೆ ಒಂದೇ ಅಂತರವಾಗಿ ಬೀಳುವುದಿಲ್ಲ. ಪೂರ್ಣ ಚೌಕವನ್ನೇ ತೆಗೆದುಕೊಂಡರೆ ಹನ್ನೆರಡರ ಪಕ್ಕದ ಮೊದಲ ನಿಮಿಷಕ್ಕಿಂತ ಮೂಲೆಯ ಹತ್ತಿರದ ಏಳನೆಯ ನಿಮಿಷ ಒಂದೂವರೆ ಪಟ್ಟಿಗಿಂತ ಹೆಚ್ಚು ಜಾಗ ಬೇಡುತ್ತದೆ. ಸರಿಯಾಗಿ ಎಳೆದ ಹಳಿಯಲ್ಲಿ ಗುರುತುಗಳು ಮೂಲೆಗೆ ಹೋದಂತೆ ದೂರ ಸರಿಯಬೇಕು. ಕಣ್ಣು ಈ ಏರಿಳಿತವನ್ನು ಎಣಿಸುವುದಿಲ್ಲ, ಆದರೆ ತಪ್ಪಿದ್ದರೆ ತಕ್ಷಣ ಹಿಡಿಯುತ್ತದೆ.

ಹಳಿ ಒಳಗೆ ಬಂದ ಮೇಲೆ ಹೊರಗೆ ಉಳಿದ ಜಾಗ ಸಮವಾಗಿರುವುದಿಲ್ಲ. ಅದನ್ನು ತುಂಬುವ ಹೊಣೆ ರೋಮನ್ ಅಂಕಿಗಳದ್ದು. ಒಂದೊಂದು ಅಂಕಿಯೂ ತನ್ನ ಜಾಗಕ್ಕೆ ತಕ್ಕಂತೆ ಉದ್ದವಾಗುತ್ತದೆ, ಓರೆಯಾಗುತ್ತದೆ, ಕಾಲುಗಳನ್ನು ಕೇಂದ್ರದ ಕಡೆಗೆ ಚಾಚುತ್ತದೆ. ಮೂಲೆಯ ಆಸುಪಾಸಿನ ಅಂಕಿಗಳನ್ನು ಬೇರೆಯಾಗಿ ಕತ್ತರಿಸಿ ನೋಡಿದರೆ ವಕ್ರವಾಗಿ ಕಂಡಾವು. ಎಲ್ಲವನ್ನೂ ಒಟ್ಟಿಗೆ ನೋಡಿದಾಗ ಕೇಂದ್ರದಿಂದ ಹೊರಟ ಕಿರಣಗಳು ಚೌಕಟ್ಟನ್ನು ಮುಟ್ಟಿ ನಿಂತ ಹಾಗಿರುತ್ತದೆ. ವೃತ್ತದ ಚಲನೆಯ ನೆನಪನ್ನು ಆಯತದ ಗೋಡೆಯವರೆಗೆ ಹೊತ್ತೊಯ್ಯುವುದು ಈ ಅಂಕಿಗಳೇ. ನಾಲ್ಕನ್ನು ಇಲ್ಲಿ ನಾಲ್ಕು ಗೀಟುಗಳಿಂದ ಬರೆಯುತ್ತಾರೆ, ಐದರಿಂದ ಒಂದು ಕಳೆದು ಬರೆಯುವ ರೂಢಿಯ ರೀತಿಯಲ್ಲಲ್ಲ. ಹಳೆಯ ಗಡಿಯಾರಗಳಿಂದ ಬಂದ ಪದ್ಧತಿ ಇದು. ಎದುರು ಬದಿಯಲ್ಲಿರುವ ಎಂಟರ ದಪ್ಪ ರೂಪಕ್ಕೆ ಸಮತೂಕ ಸಿಗಬೇಕಾದರೆ ಇದೇ ಸರಿ ಎಂಬುದು ಕಣ್ಣಿಗೇ ತಿಳಿಯುತ್ತದೆ. ಏಳರ ಅಂಕಿಯ ಒಂದು ಗೀಟನ್ನು, ಕೆಲವು ಮಾದರಿಗಳಲ್ಲಿ ಹತ್ತರ ಗೀಟನ್ನು, ಭೂತಗನ್ನಡಿಯಲ್ಲಿ ನೋಡಿದರೆ ಅದು ಗೀಟಲ್ಲ, ಕಂಪನಿಯ ಹೆಸರಿನ ಅತಿ ಚಿಕ್ಕ ಅಕ್ಷರಗಳು. ನಕಲಿಯನ್ನು ಗುರುತಿಸಲು ಇದು ನೆರವಾಗುತ್ತದೆ ಎನ್ನುತ್ತಾರೆ. ಇಡೀ ವಿನ್ಯಾಸದಲ್ಲಿ ಆಕಾರದ ಯಾವ ಕಷ್ಟಕ್ಕೂ ಉತ್ತರವಲ್ಲದ, ಬರಿಯ ಸಂತೋಷಕ್ಕಾಗಿ ಇಟ್ಟ ವಿವರವೆಂದರೆ ಬಹುಶಃ ಇದೊಂದೇ.

ಮುಳ್ಳುಗಳು ಕತ್ತಿಯ ಅಲಗಿನ ರೂಪದವು, ಬಣ್ಣ ನೀಲಿ. ಉತ್ತಮ ದರ್ಜೆಯ ವಾಚುಗಳಲ್ಲಿ ಈ ನೀಲಿ ಹಚ್ಚಿದ ಬಣ್ಣವಲ್ಲ. ಹೊಳಪು ಕೊಟ್ಟ ಉಕ್ಕನ್ನು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಮೇಲ್ಮೈಯಲ್ಲಿ ಆಕ್ಸೈಡಿನ ತೀರ ತೆಳುವಾದ ಪದರ ಕಟ್ಟುತ್ತದೆ. ಆ ಪದರದಲ್ಲಿ ಬೆಳಕು ಆಡುವ ಆಟವೇ ನೀಲಿಯಾಗಿ ಕಾಣುತ್ತದೆ. ಕಾವು ಹೆಚ್ಚಾದರೆ ಬಣ್ಣ ಮಾಸುತ್ತದೆ, ಕಡಿಮೆಯಾದರೆ ನೇರಳೆಯಲ್ಲೇ ನಿಲ್ಲುತ್ತದೆ. ಈ ನೀಲಿಗೆ ಡಯಲಿನ ಮೇಲೆ ಕೆಲಸವಿದೆ. ಅಂಕಿಗಳೂ ಹಳಿಯೂ ಕಪ್ಪು; ಮುಳ್ಳೂ ಕಪ್ಪಾಗಿದ್ದರೆ ಇಷ್ಟು ಗೆರೆಗಳ ನಡುವೆ ಅದು ಕಳೆದುಹೋಗುತ್ತಿತ್ತು. ನೆರಳಿನಲ್ಲಿ ಕಪ್ಪಾಗಿಯೇ ಕಾಣುವ ಮುಳ್ಳು ಕೈ ಅಲುಗಿದೊಡನೆ ನೀಲಿಯಾಗಿ ಮಿಂಚಿ ತನ್ನನ್ನು ತೋರಿಸಿಕೊಳ್ಳುತ್ತದೆ. ಕೀಲಿ ಕೊಡುವ ತಿರುಪಿನ ಕತೆಯೂ ಇಂಥದ್ದೇ. ಎಡಬಲ ಸಮವಾಗಿರುವ ಆಯತದಲ್ಲಿ ಬಲಗಡೆ ಮಾತ್ರ ಒಂದು ಗುಬುಟು ಹೊರಚಾಚುವುದು ಅನಿವಾರ್ಯ. ಅದನ್ನು ಅಡಗಿಸುವ ಬದಲು ತುದಿಗೆ ಉಬ್ಬಾಗಿ ನುಣುಪುಗೊಳಿಸಿದ ಒಂದು ನೀಲದ ಹರಳು ಕೂರಿಸಿದರು. ಮುಳ್ಳಿನ ನೀಲಿಗೆ ಹರಳಿನ ನೀಲಿ ಜೊತೆಯಾಯಿತು. ಮುಚ್ಚಲಾಗದ ಅಸಮತೆಯನ್ನು ಆಭರಣವಾಗಿ ಮಾಡಿದ್ದು ಒಬ್ಬ ರತ್ನವ್ಯಾಪಾರಿಯ ಮನೆಯಲ್ಲಿ ಮಾತ್ರ ಹೊಳೆಯಬಹುದಾದ ಉಪಾಯ.

ಈ ವಾದಕ್ಕೆ ಇನ್ನೊಂದು ಸಾಕ್ಷಿಯನ್ನು ಸ್ವಿಟ್ಜರ್ಲೆಂಡಿನಿಂದ ತರಬಹುದು. ಅದರ ಹುಟ್ಟಿನಲ್ಲಿ ಭಾರತದ ಪಾತ್ರವಿದೆ. 1930ರ ಸುಮಾರಿಗೆ ಭಾರತಕ್ಕೆ ಬಂದಿದ್ದ ವಾಚುವ್ಯಾಪಾರಿ ಸೀಸರ್ ಡ ಟ್ರೇ ಅವರ ಮುಂದೆ, ಪೋಲೋ ಆಡುವಾಗ ವಾಚಿನ ಗಾಜು ಒಡೆಯುತ್ತದೆ ಎಂಬ ಬ್ರಿಟಿಷ್ ಸೇನಾಧಿಕಾರಿಗಳ ದೂರು ಬಂದಿತು ಎನ್ನುತ್ತಾರೆ. ಜಾಕ್-ಡೇವಿಡ್ ಲೆಕೂಲ್ತ್ರ್ ಜೊತೆ ಸೇರಿ ಅವರು ಹುಡುಕಿದ ಪರಿಹಾರವೇ ‘ರಿವರ್ಸೊ’. ಎಂಜಿನಿಯರ್ ರೆನೆ-ಆಲ್ಫ್ರೆಡ್ ಶೋವೋ ಅದರ ಪೇಟೆಂಟಿಗೆ 1931ರ ಮಾರ್ಚ್ 4ರಂದು ಪ್ಯಾರಿಸ್ಸಿನಲ್ಲಿ ಅರ್ಜಿ ಹಾಕಿದ. ವಾಚು ತನ್ನ ಚೌಕಟ್ಟಿನಲ್ಲಿ ಪಕ್ಕಕ್ಕೆ ಸರಿದು, ಮಗುಚಿ, ಬೆನ್ನನ್ನು ಹೊರಗೆ ಮಾಡಿ ಕೂರುತ್ತದೆ. ಗಾಜು ಕೈಯ ಕಡೆಗೆ ಹೋಗಿ ಸುರಕ್ಷಿತವಾಗುತ್ತದೆ. ಸರಿಯಬೇಕಾದರೆ ನೇರವಾದ, ಸಮಾಂತರವಾದ ಹಾದಿ ಬೇಕು. ದುಂಡನೆಯ ಕವಚಕ್ಕೆ ಅಂಥ ಹಾದಿ ಇರುವುದಿಲ್ಲ. ಹಾಗಾಗಿ ರಿವರ್ಸೊ ಆಯತವಾಗಿರುವುದು ಅಂದಕ್ಕಾಗಿ ಮಾಡಿದ ಆಯ್ಕೆಯಲ್ಲ, ಆ ಯಂತ್ರದ ಷರತ್ತು. ಮೇಲೆ ಮೂರು, ಕೆಳಗೆ ಮೂರು ಅಡ್ಡಗೆರೆಗಳು ಮಾತ್ರ ಅದರ ಅಲಂಕಾರ. ಸರಿಯುವ ತುಂಡು ಎಲ್ಲಿ ಮುಗಿದು ಚೌಕಟ್ಟು ಎಲ್ಲಿ ಶುರುವಾಗುತ್ತದೆ ಎಂಬ ಸಂದಿನಿಂದ ಕಣ್ಣನ್ನು ಅವು ಬೇರೆಡೆಗೆ ಸೆಳೆಯುತ್ತವೆ.

ಇಷ್ಟು ಹೇಳಿದ ಮೇಲೆ ಎದುರು ಮಾತುಗಳನ್ನು ಕೇಳಲೇಬೇಕು. ಯಂತ್ರ ತಿಳಿದವರ ಆಕ್ಷೇಪ ನೀರಿನ ಬಗ್ಗೆ. ದುಂಡನೆಯ ಕವಚದ ಬೆನ್ನನ್ನು ಡಬ್ಬಿಯ ಮುಚ್ಚಳದಂತೆ ತಿರುಗಿಸಿ ಬಿಗಿಯಬಹುದು. ಒಳಗಿನ ರಬ್ಬರ್ ಉಂಗುರ ಸುತ್ತಲೂ ಒಂದೇ ಸಮನೆ ಒತ್ತಿಕೊಳ್ಳುತ್ತದೆ. 1926ರಲ್ಲಿ ರೋಲೆಕ್ಸ್ ‘ಆಯ್ಸ್ಟರ್’ ನೀರನ್ನು ಗೆದ್ದದ್ದು ತಿರುಪಿನ ಇದೇ ತತ್ತ್ವದಿಂದ. ಆಯತವನ್ನು ತಿರುಗಿಸಿ ಬಿಗಿಯಲಾಗದು. ಮೂಲೆಗಳಲ್ಲಿ ಒತ್ತಡ ಹೆಚ್ಚುಕಡಿಮೆಯಾಗುತ್ತದೆ. ಈ ಆಕ್ಷೇಪ ಪೂರ್ತಿ ನಿಜ. ಈಜಲು, ಬೆಟ್ಟ ಹತ್ತಲು, ಮಳೆಯಲ್ಲಿ ಬೈಕ್ ಓಡಿಸಲು ಆಯತದ ಡ್ರೆಸ್ ವಾಚ್ ತಪ್ಪು ಆಯ್ಕೆ, ಇದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ಆದರೆ ಪ್ರತಿ ವಸ್ತುವಿಗೂ ಅದರದೇ ಕೆಲಸದ ಮೇರೆ ಇರುತ್ತದೆ. ಅಂಗಿಯ ತೋಳಿನ ಕೆಳಗೆ ತೆಳ್ಳಗೆ ಕೂತು, ಕೇಳಿದಾಗ ಗಂಟೆ ನಿಮಿಷ ತೋರಿಸುವುದಷ್ಟೇ ಇದರ ಕೆಲಸ. ಸೆಕೆಂಡಿನ ಮುಳ್ಳೂ ಇಲ್ಲದೆ, ತಾರೀಖಿನ ಕಿಂಡಿಯೂ ಇಲ್ಲದೆ ಅದು ಸಾಗುತ್ತದೆ. ತಾರೀಖಿನ ಕಿಂಡಿ ಕೊರೆದ ಆಯತದ ಡಯಲುಗಳಲ್ಲಿ ಒಂದು ಅಂಕಿ ತುಂಡಾಗಿ ಇಡೀ ಕಿರಣಮಾಲೆ ಕೆಡುವುದನ್ನು ನೋಡಿದರೆ ಈ ಸಂಯಮದ ಬೆಲೆ ಗೊತ್ತಾಗುತ್ತದೆ.

ಇನ್ನೊಂದು ಆಕ್ಷೇಪ ಹಣದ್ದು, ಅದು ಹೆಚ್ಚು ಗಂಭೀರ. ಇಷ್ಟೆಲ್ಲ ಹೊಗಳಿಕೆ ಕೊನೆಗೆ ಲಕ್ಷಾಂತರ ರೂಪಾಯಿಯ ವಸ್ತುವಿಗೆ ಕಾರಣ ಒದಗಿಸುವುದಕ್ಕಲ್ಲವೇ, ಬ್ಯಾಟರಿಯ ಅಗ್ಗದ ವಾಚು ಇದಕ್ಕಿಂತ ಸರಿಯಾದ ಸಮಯ ತೋರಿಸುವುದಿಲ್ಲವೇ ಎಂದು ಕೇಳಬಹುದು. ತೋರಿಸುತ್ತದೆ. ಬೆಲೆಯಂತೂ ವಿನ್ಯಾಸದ ಅಳತೆಗೋಲೇ ಅಲ್ಲ. ಜಾಕ್ವೆಲಿನ್ ಕೆನಡಿಯವರ ಬಳಿಯಿದ್ದ ಟ್ಯಾಂಕ್ ವಾಚು 2017ರ ಹರಾಜಿನಲ್ಲಿ 3,79,500 ಡಾಲರಿಗೆ ಹೋಯಿತು. ಅದೇ ಗೆರೆಗಳ, ಅದೇ ಅಂಕಿಗಳ ಬೇರೆ ವಾಚುಗಳಿಗೆ ಆ ಬೆಲೆ ಇಲ್ಲ. ಅಲ್ಲಿ ಮಾರಾಟವಾದದ್ದು ಒಬ್ಬರ ನೆನಪು. ಇದಕ್ಕೆ ತದ್ವಿರುದ್ಧವಾದ ಸಾಕ್ಷಿಯೂ ಇದೆ. 1977ರಲ್ಲಿ ಕಾರ್ಟಿಯೇ ‘ಮಸ್ಟ್’ ಎಂಬ ಹೆಸರಿನಲ್ಲಿ ಗಟ್ಟಿ ಚಿನ್ನದ ಬದಲು ಬೆಳ್ಳಿಗೆ ಚಿನ್ನದ ಲೇಪ ಕೊಟ್ಟ ಟ್ಯಾಂಕುಗಳನ್ನು ಕಡಿಮೆ ಬೆಲೆಗೆ ತಂದಿತು. ಲೋಹ ಇಳಿಯಿತು, ಗೆರೆ ಇಳಿಯಲಿಲ್ಲ. ಚೆಲುವು ಚಿನ್ನದಲ್ಲಿದ್ದಿದ್ದರೆ ಆ ವಾಚುಗಳು ಸೋಲಬೇಕಿತ್ತು. 2021ರಲ್ಲಿ ಅದೇ ಸಾಲಿಗೆ ಬೆಳಕಿನಿಂದ ನಡೆಯುವ ಮಾದರಿ ಬಂದಾಗ ಡಯಲಿನಲ್ಲಿ ಸೌರಫಲಕ ಕಾಣಿಸದಂತೆ ಮಾಡಿದ್ದು ಹೇಗೆ ಗೊತ್ತೇ? ರೋಮನ್ ಅಂಕಿಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಮಾಡಿ, ಬೆಳಕನ್ನು ಅವುಗಳ ಮೂಲಕವೇ ಒಳಗೆ ಬಿಟ್ಟರು. ಜಾಗ ತುಂಬಲು ಹಿಗ್ಗಿಸಿದ ಅಂಕಿಗಳು ನೂರು ವರ್ಷದ ನಂತರ ಕಿಟಕಿಗಳಾದವು. ಬೆಲೆಗೆ ಸಂಬಂಧವಿಲ್ಲದ ಗುಣ ಎಂದರೆ ಇದು. ನಮ್ಮಲ್ಲೇ 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಕಾರ್ಖಾನೆಯ ‘ಜನತಾ’ ವಾಚಿನ ಸ್ವಚ್ಛ ದುಂಡನೆಯ ಡಯಲನ್ನು ಮೆಚ್ಚಿಕೊಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯ ಆಕ್ಷೇಪವನ್ನು ನನ್ನ ವಾದದ ವಿರುದ್ಧ ನಾನೇ ಎತ್ತಬೇಕು. ಪ್ರತಿ ವಿವರವೂ ಒಂದು ಕಷ್ಟಕ್ಕೆ ಉತ್ತರ ಎನ್ನುವುದಾದರೆ 1967ರಲ್ಲಿ ಕಾರ್ಟಿಯೇಯ ಲಂಡನ್ ಶಾಖೆಯಿಂದ ಬಂದ ‘ಕ್ರ್ಯಾಶ್’ ವಾಚಿಗೆ ಏನು ಹೇಳುವುದು? ಜಾನ್-ಜಾಕ್ ಕಾರ್ಟಿಯೇ ಮತ್ತು ವಿನ್ಯಾಸಗಾರ ರೂಪರ್ಟ್ ಎಮರ್ಸನ್ ಸೇರಿ ರೂಪಿಸಿದ ಅದು ಕಾವಿಗೆ ಕರಗಿ ಸೊಟ್ಟಗಾದ ಮೊಟ್ಟೆಯಾಕಾರದಂತಿದೆ. ಪಟ್ಟಿಯ ಅಂಚನ್ನು ಮುಂದುವರಿಸುವುದಿಲ್ಲ, ಮಗುಚುವುದೂ ಇಲ್ಲ. ಆ ಹೊರಗೆರೆಗೆ ಉಪಯೋಗದ ಕಾರಣ ಹುಡುಕುವುದು ವ್ಯರ್ಥ, ಅದು ಶುದ್ಧ ಸ್ವೇಚ್ಛೆ. ಆದರೂ ಅದನ್ನು ಕೆಟ್ಟ ವಾಚು ಎನ್ನಲು ನನಗೆ ಮನಸ್ಸಾಗುವುದಿಲ್ಲ, ಏಕೆಂದರೆ ಸ್ವೇಚ್ಛೆಯ ಗೆರೆ ಎಳೆದ ಮೇಲೆ ಅದರೊಳಗಿನ ಕೆಲಸದಲ್ಲಿ ಸ್ವೇಚ್ಛೆ ಇಲ್ಲ. ಅಂಕಿಗಳು ಎಷ್ಟು ಸೊಟ್ಟಗಾದರೂ ಮುಳ್ಳು ತೋರಿಸುವ ದಿಕ್ಕಿಗೆ ತಪ್ಪುವಂತಿಲ್ಲ. ಸೊಟ್ಟ ಡಯಲಿನಲ್ಲೂ ಗಂಟೆ ಸರಿಯಾಗಿ ಓದಬರಬೇಕು. ಹೊರಗೆರೆ ಎಲ್ಲಿಂದ ಬಂದರೂ ವಿನ್ಯಾಸಗಾರನ ಪರೀಕ್ಷೆ ನಡೆಯುವುದು ಒಳಗೆ. ಟ್ಯಾಂಕಿನ ಕುಟುಂಬದಲ್ಲೇ ಇದಕ್ಕೆ ಉದಾಹರಣೆಗಳಿವೆ. 1921ರ ‘ಸಾಂತ್ರೇ’ ಮಣಿಕಟ್ಟಿನ ಬಾಗಿಗೆ ಹೊಂದುವಂತೆ ಉದ್ದವಾಗಿ ಬಾಗಿತು. 1922ರ ‘ಲೂಯಿ ಕಾರ್ಟಿಯೇ’ ಮಾದರಿ ಮೊದಲ ಟ್ಯಾಂಕಿನ ಚೂಪು ಅಂಚುಗಳನ್ನು ತಿದ್ದಿ ನಯಗೊಳಿಸಿತು. ಎಲ್ಲ ಟ್ಯಾಂಕುಗಳಲ್ಲಿ ಒಂದನ್ನು ಆರಿಸು ಎಂದರೆ ನನ್ನ ತೀರ್ಪು ಇದೇ ಲೂಯಿ ಕಾರ್ಟಿಯೇಗೆ. ಕಂಬಿಯ ತುದಿಗಳನ್ನು ದುಂಡಗೆ ಮಾಡಿದ ಆ ಸಣ್ಣ ತಿದ್ದುಪಡಿಯಿಂದ ಆಯತದ ಬಿಗುವು ಉಳಿಯಿತು, ಒರಟುತನ ಹೋಯಿತು.

ಇಷ್ಟನ್ನೂ ನೋಡಲು ವಾಚು ಕೊಳ್ಳಬೇಕಾಗಿಲ್ಲ. ಆಯತದ ಯಾವುದೇ ವಾಚು, ಐನೂರು ರೂಪಾಯಿಯದ್ದಾದರೂ ಸರಿ, ಕೈಗೆ ಸಿಕ್ಕಾಗ ಮೂರು ಜಾಗ ನೋಡಿದರೆ ಸಾಕು. ಪಟ್ಟಿ ಕವಚವನ್ನು ಸೇರುವ ಕಡೆ ಗೆರೆ ಕಡಿದಿದೆಯೇ, ಹನ್ನೆರಡರ ಹತ್ತಿರ ಮುಳ್ಳಿನ ತುದಿ ಎಲ್ಲಿ ನಿಲ್ಲುತ್ತದೆ, ಮೂಲೆಯ ಪಕ್ಕದ ಅಂಕಿಗಳು ಜಾಗಕ್ಕೆ ಹೊಂದಿವೆಯೇ ಅಥವಾ ದುಂಡನೆಯ ಡಯಲಿನಿಂದ ಎರವಲು ತಂದಂತಿವೆಯೇ. ಇದರ ಜೊತೆಗೆ ಕನ್ನಡದ ವಿನ್ಯಾಸಗಾರರಿಗೆ ಒಂದು ಬೇಡಿಕೆಯನ್ನೂ ಇಡಬೇಕು. ರೋಮನ್ ಅಂಕಿಗಳು ಟ್ಯಾಂಕಿನಲ್ಲಿ ಅಷ್ಟು ಸುಲಭವಾಗಿ ಹಿಗ್ಗಿ ಬಾಗಿದ್ದಕ್ಕೆ ಕಾರಣ ಅವು ಬರಿಯ ನೇರ ಗೀಟುಗಳಾಗಿರುವುದು. ಕನ್ನಡದ ಅಂಕಿಗಳು ಹಾಗಲ್ಲ. ಒಂದು, ಎರಡು, ಮೂರು, ಸೊನ್ನೆ ಎಲ್ಲವೂ ದುಂಡು, ಎಲ್ಲವೂ ಬಳುಕು. ಎಳೆದರೆ ರೂಪ ಕೆಡುತ್ತದೆ. ಅವನ್ನು ಆಯತದ ಡಯಲಿಗೆ ಒಗ್ಗಿಸುವುದು ಲೂಯಿ ಕಾರ್ಟಿಯೇ ಎದುರಿಸಿದ್ದಕ್ಕಿಂತ ಕಠಿಣವಾದ ಲೆಕ್ಕ. 2002ರಲ್ಲಿ ಒಟ್ಟು 3.5 ಮಿಲಿಮೀಟರ್ ದಪ್ಪದ, 1.15 ಮಿಲಿಮೀಟರ್ ದಪ್ಪದ ಯಂತ್ರವಿದ್ದ ‘ಎಡ್ಜ್’ ವಾಚನ್ನು ತಂದ ಟೈಟನ್ ಕಂಪನಿಯ ಕೇಂದ್ರ ಬೆಂಗಳೂರಿನಲ್ಲಿದೆ, ಕಾರ್ಖಾನೆ ಹೊಸೂರಿನಲ್ಲಿದೆ, ಕೌಶಲ ದೂರದಲ್ಲಿಲ್ಲ. ದುಂಡನೆಯ ಡಯಲಿಗೆ ಕನ್ನಡದ ಅಂಕಿ ಅಂಟಿಸಿ ಕೈತೊಳೆದುಕೊಳ್ಳದೆ, ನಮ್ಮ ಅಂಕಿಗಳಿಗಾಗಿಯೇ ಒಂದು ಆಕಾರವನ್ನು ಯೋಚಿಸಿ ವಾಚು ಮಾಡಿಕೊಡಿ.